ಬೆನ್ನು ಕಾಯುವ ಕೆಲಸ

ಹೋದ ತಿಂಗಳು ಸವಣೂರಿನಿಂದ ಹತ್ತಿಮತ್ತೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಕಾಲ ಬಳಿ ಎಲೆಬುಟ್ಟಿ ಇಟ್ಟುಕೊಂಡಿದ್ದಳು. ರಸ್ತೆಯ ಕುಣಿಗೆ ಬಸ್ಸು ಎಗರಿದಾಗ ಬುಟ್ಟಿಯ ಮೇಲಿನ ಹಸಿ ಗೋಣಿತಟ್ಟು ಸರಿದು ವೀಳ್ಯದೆಲೆಯ ಖಾರವಾದ ತಂಪು ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ಉಳಿದವರಿಗೆ ಮದುವೆಯ ಮನೆಯೋ ಊಟದ ಪಂಕ್ತಿಯೋ ನೆನಪಾಗಬಹುದು. ನನಗೆ ಹೊಟ್ಟೆಕಿಚ್ಚಾಗುತ್ತದೆ. ಸವಣೂರಿನ ಇಮಾಮಸಾಬನ ಮೇಲಿನ ಹೊಟ್ಟೆಕಿಚ್ಚು. ಅವನು ಮಣ್ಣಿಗೆ ಹೋಗಿ ಹನ್ನೊಂದು ವರ್ಷವಾಯಿತು. ಸತ್ತವನ ಮೇಲೆ ಕಿಚ್ಚುಪಡುವವನು ಹುಚ್ಚ ಎಂದು ನನಗೂ ಗೊತ್ತು. ಗೊತ್ತಾದ ಮಾತ್ರಕ್ಕೆ ಬಿಡುವ ಜಡ್ಡಲ್ಲ ಇದು.

ನಲವತ್ತೆರಡನೆಯ ಇಸವಿಯ ಸುಗ್ಗಿಯ ಮಾತು. ಮಳೆಗಾಲದಲ್ಲಿಯೇ ದೊಡ್ಡ ಮುಂದಾಳುಗಳನ್ನೆಲ್ಲ ಸರಕಾರ ಜೈಲಿಗೆ ಹಾಕಿತ್ತು. ಉಳಿದ ಸಣ್ಣವರು ಊರೂರಲ್ಲಿ ಏಳೆಂಟು ಜನ ಕೂಡಿಕೊಂಡು ತಂತಿ ಕಡಿಯುವುದು, ಟಪಾಲು ಚೀಲ ಕಸಿಯುವುದು, ಪೊಲೀಸರ ಕಣ್ಣು ತಪ್ಪಿಸಿ ತಿರುಗುವುದು ನಡೆಸಿದ್ದೆವು. ನಮ್ಮ ತಂಡದಲ್ಲಿ ಎಂಟು ಜನ. ಎಲ್ಲರಿಗೂ ಹಿರಿಯರು ಮಾಸ್ತರರು. ಶಾಲೆಯ ನೌಕರಿ ಬಿಟ್ಟು ಬಂದ ಉಬ್ಬಸದ ಮನುಷ್ಯ. ಅವರದು ಒಂದೇ ಕರಾರು: ಯಾರ ಮೈಮೇಲೂ ಕೈ ಮಾಡಬಾರದು, ಒಂದು ಹನಿ ನೆತ್ತರು ನೆಲಕ್ಕೆ ಬೀಳಬಾರದು. ಚಿಕ್ಕೇರೂರಿನಿಂದ ಬಂದ ನಿಂಗಪ್ಪನೂ ಸೇರಿ ಉಳಿದವರೆಲ್ಲ ನನ್ನ ಗರಡಿಯವರು. ನಾನು ಹತ್ತಿಮತ್ತೂರಿನ ಪೈಲವಾನ ಚನ್ನಬಸಪ್ಪ. ನಾನು ಎದ್ದರೆ ಏಳುತ್ತಿದ್ದರು, ಕುಂತರೆ ಕೂಡುತ್ತಿದ್ದರು. ಹೆಸರಿಗೆ ಮಾಸ್ತರರು ಹಿರಿಯರು, ತಂಡ ನನ್ನದು.

ಆ ವರ್ಷ ದಸರೆಗೆ ಮೊದಲು ಶಿಗ್ಗಾಂವಿಯ ಹಾದಿಯಲ್ಲಿ ಟಪಾಲಿನ ಟಾಂಗಾ ತಡೆಯಲು ಹೋಗಿದ್ದೆವು. ಗರಡಿಯ ರೂಢಿ ಏನೆಂದರೆ, ಮಣ್ಣಿಗೆ ಮೊದಲು ಇಳಿದವನೇ ಗಂಡಸು. ನಾನು "ಹೂಂ" ಅನ್ನುವುದೇ ತಡ, ಎಂಟೂ ಜನ ಒಬ್ಬರ ಮೇಲೊಬ್ಬರು ಬಿದ್ದು ಟಾಂಗಾಕ್ಕೆ ಹಾರಿದೆವು. ಮಾಸ್ತರರೂ ಕೆಮ್ಮುತ್ತ ಓಡಿ ಬಂದರು. ಕುದುರೆ ಬೆದರಿ ಎರಡು ಕಾಲ ಮೇಲೆ ನಿಂತಿತು. ಅಷ್ಟರಲ್ಲಿ, ಪೆಟ್ರೋಲು ಸಿಗದ ಆ ಯುದ್ಧಕಾಲದ ಇದ್ದಲಿಯ ಹೊಗೆ ಉಗುಳುತ್ತ ಸರ್ವಿಸ್ ಬಸ್ಸು ಬಂತು, ಅದರಲ್ಲಿ ಇಬ್ಬರು ಪೊಲೀಸರು. ದಿಕ್ಕಿಗೊಬ್ಬರಂತೆ ಓಡಿದೆವು. ನಮ್ಮವನೊಬ್ಬ ಒಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆ ಸೇರಿದ. ಉಳಿದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ಮೂರು ದಿನ ಬೇಕಾಯಿತು. ಆದರೂ ನಾನು ಅದನ್ನು ಶೌರ್ಯ ಎಂದೇ ಹೇಳಿಕೊಂಡು ತಿರುಗುತ್ತಿದ್ದೆ.

ಕಾಲು ಮುರಿದವನ ಜಾಗಕ್ಕೆ ಮಾಸ್ತರರು ಕರೆತಂದವನೇ ಇಮಾಮಸಾಬ. ಆಗ ನಾವು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ನನ್ನ ಅಕ್ಕ ಗಂಗವ್ವನ ಮನೆಯಲ್ಲಿ ಸೇರಿಕೊಂಡಿದ್ದೆವು. ಅಕ್ಕನ ಗಂಡ ಬತ್ತದ ಒಕ್ಕಣೆಗೆ ಆಳುಗಳು ಬಂದಿದ್ದಾರೆಂದು ಊರಲ್ಲಿ ಹೇಳಿದ್ದ. ಒಂದು ಮುಂಜಾನೆ ತಲೆಯ ಮೇಲೆ ಎಲೆಬುಟ್ಟಿ ಹೊತ್ತು ಸಣಕಲನೊಬ್ಬ ಕಣಕ್ಕೆ ಬಂದ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಸವಣೂರಿನ ಎಲೆತೋಟದ ಮನೆಯವನು, ಪಲ್ಟನ್ ಸೇರಿ ಸಮುದ್ರದಾಚೆಯ ಮರಳುಗಾಡಿನಲ್ಲಿ ಕಾದಾಡಿದ್ದ. ಬೆರಳು ಹೋದ ಮೇಲೆ ಮನೆಗೆ ಕಳಿಸಿದ್ದರು. ಅವನು ಮನೆಗೆ ಬಂದ ವಾರದಲ್ಲೇ ಯಾರನ್ನೋ ಹುಡುಕುತ್ತ ತೋಟಕ್ಕೆ ನುಗ್ಗಿದ ಪೊಲೀಸರು ಬಳ್ಳಿ ತುಳಿದು, ಕೇಳಿದ್ದಕ್ಕೆ ಅವನ ಮುಪ್ಪಿನ ಅಪ್ಪನಿಗೆ ಹೊಡೆದಿದ್ದರು.

"ಅಲ್ಲಿ ನಾ ಯಾರ ಸಲುವಾಗಿ ಬೆರಳ ಕೊಟ್ನೋ, ಇಲ್ಲಿ ಅವರ ಮಂದಿ ನಮ್ಮಪ್ಪನ ಕಪಾಳಕ್ಕ ಹೊಡದ್ರು," ಎಂದ ಇಮಾಮ. ತನ್ನ ಬಗ್ಗೆ ಅವನು ಹೇಳಿದ್ದು ಅಷ್ಟೇ.

ಮಾಸ್ತರರು ಶಿಗ್ಗಾಂವಿಯ ಕಥೆ ಹೇಳು ಎಂದರು. ನಾನು ತೊಡೆ ತಟ್ಟಿಕೊಂಡು ಹೇಳಿದೆ. ಇಮಾಮ ಪೂರ್ತಿ ಕೇಳಿಸಿಕೊಂಡ.

"ಪೈಲವಾನ, ಒಂದ ಮಾತ ಕೇಳ್ತೇನಿ. ಎಂಟೂ ಮಂದಿ ಟಾಂಗಾದ ಮ್ಯಾಲ ಬಿದ್ರಿ. ಹಾದಿ ಕಡೆ ಯಾರ ನೋಡಾಕತ್ತಿದ್ರು?"

"ಮಣ್ಣಿಗಿಳದ ಮ್ಯಾಲ ಹಾದಿ ಏನ ನೋಡೂದು? ನಿಂತ ನೋಡಾವ ಹೇಡಿ," ಎಂದೆ.

"ಮೊದಲ ನಾನೂ ಹಂಗ ತಿಳದಿದ್ದೆ," ಎಂದು ಅವನು ಎಡಗೈ ಎತ್ತಿ ತೋರಿಸಿದ. ಗರಡಿಯವರೆಲ್ಲ ನಕ್ಕರು. ನನ್ನ ಗರಡಿಯವರು, ನನ್ನ ಮಾತಿಗಲ್ಲದೆ ಬೇರೆಯವರ ಮಾತಿಗೆ ನಕ್ಕದ್ದು ಅದೇ ಮೊದಲು. ಅಂದಿನಿಂದ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು.

ಅಕ್ಕಿಆಲೂರಿನಿಂದ ಎರಡು ಹರದಾರಿಯ ಮೇಲೆ ಒಂದು ಕೆರೆ. ಅದರ ಏರಿಯ ಈಚೆ ತುದಿಗೆ ಒಂದು ಸರಕಾರಿ ಬಂಗಲೆ. ತಂತಿ ಕಡಿಯುವುದು ಹೆಚ್ಚಾದ ಮೇಲೆ ಅಲ್ಲಿ ಒಬ್ಬ ಜಮಾದಾರ ಮತ್ತು ನಾಲ್ಕು ಜನ ಪೊಲೀಸರು ಬಂದು ಬಿಡಾರ ಹೂಡಿದ್ದರು. ಐದು ಬಂದೂಕು. ಆ ಬಂದೂಕಿನ ಸೊಕ್ಕಿನಲ್ಲಿ ಸುತ್ತಿನ ಹಳ್ಳಿಗಳಿಗೆ ನುಗ್ಗಿ ಕಂಡವರನ್ನು ಥಳಿಸುವುದು, ಕೋಳಿ ಒಯ್ಯುವುದು ನಡೆದಿತ್ತು. ಬಂದೂಕು ಕಸಿದುಕೊಂಡರೆ ಅವರು ತಾವಾಗಿ ಜಾಗ ಬಿಡುತ್ತಾರೆ ಎಂದು ಮಾಸ್ತರರ ಎಣಿಕೆ. ನಾನಾದರೆ ಮರುದಿನವೇ ಬಾಗಿಲು ಒದ್ದು ಒಳಗೆ ಹೋಗುತ್ತಿದ್ದೆ. ಇಮಾಮ, "ಮೊದಲ ನೋಡೂಣು," ಎಂದ.

ನಾಲ್ಕು ದಿನ ನೋಡುವುದೇ ಕೆಲಸ. ಒಬ್ಬ ಕುರಿ ಬಿಟ್ಟುಕೊಂಡು, ಒಬ್ಬ ಗಾಳ ಹಾಕಿಕೊಂಡು, ಒಬ್ಬ ಹುಲ್ಲು ಕೊಯ್ಯುತ್ತ, ಬಂಗಲೆಯ ನಾಲ್ಕೂ ಕಡೆಗೆ ಕೂತೆವು. ಸಂಜೆ ಬಂದು ಒಬ್ಬೊಬ್ಬರೂ ಕಂಡದ್ದನ್ನು ಹೇಳಬೇಕು. ನನ್ನ ಸರದಿ ಬಂದಾಗ, "ಐದೂ ಮಂದಿ ಅಂಜುಬುರುಕರು, ಒಂದ ಪೆಟ್ಟಿಗೆ ಓಡ್ತಾರ," ಎಂದೆ.

"ಅಂಜುಬುರುಕತನ ಕಣ್ಣಿಗೆ ಹೆಂಗ ಕಾಣತೈತಿ, ಪೈಲವಾನ? ಕಂಡದ್ದಷ್ಟ ಹೇಳು," ಎಂದ ಇಮಾಮ.

ನಿಂಗಪ್ಪ ಮಾತ್ರ ಬೆರಳು ಮಡಚುತ್ತ ಹೇಳಿದ. ಹೊತ್ತು ನೆತ್ತಿಗೆ ಬಂದಾಗ ಇಬ್ಬರು ಕೆರೆಗೆ ಸ್ನಾನಕ್ಕಿಳಿಯುತ್ತಾರೆ, ಒಬ್ಬ ಹಿಂದುಗಡೆ ಅಡಿಗೆ ಮಾಡುತ್ತಾನೆ, ಜಮಾದಾರ ಮಲಗುತ್ತಾನೆ, ಒಬ್ಬನೇ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಉಳಿದ ನಾಲ್ಕು ಬಂದೂಕು ನಡುಮನೆಯ ಮೂಲೆಯಲ್ಲಿ. ಬಾಗಿಲಲ್ಲಿ ನಿಲ್ಲುವವನಿಗೆ ಎಲೆ ಅಡಿಕೆಯ ಚಟ. ಹಾನಗಲ್ಲಿನಿಂದ ವಾರಕ್ಕೊಮ್ಮೆ ಪೊಲೀಸರ ಲಾರಿ ಬರುತ್ತದೆ, ಬರುವ ಹೊತ್ತು ಮಾತ್ರ ನಿಕ್ಕಿಯಿಲ್ಲ. ಇಮಾಮ ಅವನ ಬೆನ್ನು ತಟ್ಟಿದ. ಆ ಬೆನ್ನನ್ನು ನಾನು ನೂರು ಸಲ ಮಣ್ಣಿಗೆ ಹಚ್ಚಿದ್ದೆ, ಎಂದೂ ತಟ್ಟಿರಲಿಲ್ಲ.

ಮರುದಿನ ಕಣದಲ್ಲಿ ಇಮಾಮ ನೆಲದ ಮೇಲೆ ಇಡೀ ಜಾಗವನ್ನೇ ಮಾಡಿ ಕೂಡಿಸಿದ. ಬೂದಿ ಚೆಲ್ಲಿ ಹಾದಿ, ತಂಬಿಗೆ ಬೋರಲು ಹಾಕಿ ಬಂಗಲೆ, ಜೋಳದ ಕಾಳಿಟ್ಟು ಪೊಲೀಸರು. ಕೆರೆಗೆ ಏನು ಮಾಡುವುದೆಂದು ಆಚೀಚೆ ನೋಡುತ್ತಿದ್ದಾಗ ನಮ್ಮ ಅಕ್ಕ ಒಳಗೆ ಹೋಗಿ ತನ್ನ ಹಸಿರು ಇಳಕಲ್ ಸೀರೆ ತಂದು ಕೊಟ್ಟಳು. ಮದುವೆಯ ಸೀರೆ. ಅದನ್ನು ಮುಟ್ಟಿದ್ದಕ್ಕೆ ಒಮ್ಮೆ ನನ್ನ ಕಿವಿ ಹಿಂಡಿದ್ದವಳು.

"ಮಣ್ಣ ಹತ್ತತೈತಿ, ಅಕ್ಕಾ," ಎಂದ ಇಮಾಮ.

"ಹತ್ಲಿ ಬಿಡೋ ತಮ್ಮಾ, ತೊಳಕೊಂತೇನಿ," ಎಂದಳು.

ಅಕ್ಕನ ಆ "ತಮ್ಮಾ" ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಮೊದಲ ರೊಟ್ಟಿ ಅವನ ಗಂಗಾಳಕ್ಕೆ, ಕೆನೆಮೊಸರು ಅವನಿಗೆ, ತಳದ ಮಜ್ಜಿಗೆ ನನಗೆ. "ಯಾಕ, ನಾ ಏನ ಪರದೇಶಿನ?" ಎಂದು ಕೇಳಿಯೇಬಿಟ್ಟೆ. "ಅಂವ ಉಂಡ ಗಂಗಾಳ ತಾನ ತೊಳದಿಡ್ತಾನ. ನೀ ಹುಟ್ಟಿದಾಗಿಂದ ಒಮ್ಮೆರ ತೊಳದೀ ಏನು?" ಎಂದಳು. ಅಂದು ಗಂಗಾಳ ತೊಳೆದೆ. ಯಾರೂ ನೋಡಲಿಲ್ಲ.

ಗರಡಿಯವರೂ ಹಾಗೇ ಆದರು. ಮೊದಲು ಮೀಸೆಯ ಮೇಲೆ ಕೈಯಿಡುವುದಕ್ಕೂ ನನ್ನನ್ನು ನೋಡುತ್ತಿದ್ದವರು ಈಗ ಇಮಾಮನ ಹಾಗೆ ಕಣ್ಣು ಕಿರಿದು ಮಾಡಿ ದೂರ ನೋಡುವುದೇನು, ಅವನ ಹಾಗೆ ಕುಕ್ಕರಗಾಲಲ್ಲಿ ಕೂಡುವುದೇನು! ಮಾಸ್ತರರ ಬಾಯಲ್ಲಂತೂ "ಇಮಾಮ ಏನಂತಾನ?" ಎಂಬುದೊಂದೇ ಮಂತ್ರ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಬಣವೆಯ ಹಿಂದೆ ಹೋಗಿ ಹಾಗೆ ಕಣ್ಣು ಕಿರಿದು ಮಾಡುವುದನ್ನು ರೂಢಿ ಮಾಡಿದೆ. ನನಗೆ ಏನೂ ಹೆಚ್ಚಿಗೆ ಕಾಣಿಸಲಿಲ್ಲ.

ಐದನೆಯ ದಿನ ಇಮಾಮ ಕೆಲಸ ಹಂಚಿದ. ಸಂತೆಯ ದಿನ ಮಧ್ಯಾಹ್ನ ಹೋಗುವುದು, ಅಂದು ಹಾದಿಯಲ್ಲಿ ಹೊಸ ಮುಖಗಳನ್ನು ಯಾರೂ ಕೇಳುವುದಿಲ್ಲ. ತಾನು ಮತ್ತು ನಿಂಗಪ್ಪ ಎಲೆ ಮಾರುತ್ತ ಬಾಗಿಲಿಗೆ ಹೋಗುತ್ತೇವೆ. ಎಲೆಗೆ ಸುಣ್ಣ ಹಚ್ಚುವವನ ಎರಡೂ ಕೈ ಕೆಲಸದಲ್ಲಿರುತ್ತವೆ, ಬಂದೂಕು ಗೋಡೆಗೆ ಒರಗಿರುತ್ತದೆ. ಅದೇ ಗಳಿಗೆ. ನಾಲ್ವರು ಹಿಂದುಗಡೆಯ ಬಾಳೆಯ ಮರೆಯಿಂದ ಬಂದು ಅಡಿಗೆಯವನನ್ನು, ಜಮಾದಾರನನ್ನು ಹಿಡಿದು ಅವರ ರುಮಾಲಿನಿಂದಲೇ ಕಟ್ಟುವುದು. ಕೆರೆಯಲ್ಲಿದ್ದವರು ಒದ್ದೆ ಪಂಚೆಯಲ್ಲಿ ಬರುತ್ತಾರೆ, ಅವರದು ಕಷ್ಟವಿಲ್ಲ. ಹೋದ ಹಾದಿಯಲ್ಲಿ ಹೊರಳಿ ಬರಬಾರದು, ಕೊಯ್ದ ಬತ್ತದ ಗದ್ದೆ ದಾಟಿ ಮಾವಿನ ತೋಪಿನಲ್ಲಿ ಮಾಸ್ತರರನ್ನು ಕೂಡಿಕೊಳ್ಳುವುದು. ಒಬ್ಬೊಬ್ಬರಿಗೂ ಹೇಳಿದ ಮೇಲೆ, "ಈಗ ನೀ ತಿರಗಿ ಹೇಳು," ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದ.

ಕೊನೆಗೆ ನನ್ನ ಕಡೆ ತಿರುಗಿದ. ಏರಿಯ ನಡುವೆ ನಾನು ಅಕ್ಕನ ಗಾಡಿಯಲ್ಲಿ ಹುಲ್ಲು ಹೇರಿಕೊಂಡು ಎತ್ತು ಹೂಡಿಯೇ ನಿಲ್ಲಬೇಕು. ಹಾನಗಲ್ಲಿನ ಕಡೆಯಿಂದ ಲಾರಿಯ ಸಪ್ಪಳ ಬಂದರೆ, ಗಾಲಿ ಅಚ್ಚಿನಿಂದ ಜಾರದಂತೆ ಹಾಕಿರುವ ಕಡಾಣಿ ಕಿತ್ತು ಎತ್ತು ಹೊಡೆಯಬೇಕು. ನಾಲ್ಕು ಹೆಜ್ಜೆಗೆ ಗಾಲಿ ಕಳಚಿ ಗಾಡಿ ಏರಿಗೆ ಅಡ್ಡ ಬೀಳುತ್ತದೆ. ಆಮೇಲೆ ದಡ್ಡ ಒಕ್ಕಲಿಗನ ಹಾಗೆ ಬಾಯಿ ಬಡಿದುಕೊಂಡು, ಲಾರಿಯ ಪೊಲೀಸರನ್ನೇ ಗಾಲಿ ಎತ್ತಲು ಕರೆಯಬೇಕು. ಬಂಗಲೆಯವರಾರೂ ನನ್ನ ಮುಖ ನೋಡಿರುವುದಿಲ್ಲ, ಆದ್ದರಿಂದ ನನ್ನನ್ನು ಹಿಡಿಯುವುದಿಲ್ಲ.

"ನಾ ಹಿಂದ ನಿಲ್ಲಬೇಕಾ?"

"ಬೆನ್ನ ಕಾಯಾಕ ಒಬ್ಬ ಬೇಕಲ್ಲ."

"ಹಕ್ಕಲ ಆಯೂ ಕೆಲಸ ನನಗಾ? ಗರಡಿ ನಂದು, ಮಂದಿ ನನ್ನಾವರು!"

ನಮ್ಮಲ್ಲಿ ಕೊಯ್ಲಿಗೆ ನಿಂತಾಗ ಗಟ್ಟಿ ಆಳು ಮೊದಲ ಸಾಲು ಹಿಡಿಯುತ್ತಾನೆ. ಕೊಯ್ದವರ ಹಿಂದೆ ಬಿದ್ದ ತೆನೆ ಆಯುತ್ತ ಬರುವವರು ಮುದುಕಿಯರು. ಆರಡಿ ಎತ್ತರದ ಪೈಲವಾನ ಹುಲ್ಲಿನ ಗಾಡಿಯ ಬಳಿ ನಿಂತು ಬಾಯಿ ಬಡಿದುಕೊಳ್ಳಬೇಕಂತೆ! ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟು, "ಚನ್ನಬಸಪ್ಪಾ, ಹಟಾ ಮಾಡಬ್ಯಾಡಪಾ. ಇಮಾಮ ಹೇಳಿದಂಗ ಆಗ್ಲಿ," ಎಂದರು. ಒಬ್ಬನಾದರೂ ನನ್ನ ಪರವಾಗಿ ಮಾತಾಡುತ್ತಾನೇನೋ ಎಂದು ಗರಡಿಯವರ ಮುಖ ನೋಡಿದೆ. ಎಲ್ಲರೂ ನೆಲದ ಮೇಲಿನ ತಂಬಿಗೆಯನ್ನೇ ನೋಡುತ್ತಿದ್ದರು. ಹೂಂ ಎಂದೆ, ನುಂಗಲಾರದ ತುತ್ತು ನುಂಗಿದ ಹಾಗೆ.

ಕೊಯ್ದ ಗದ್ದೆಯಲ್ಲಿ ಹುಲ್ಲಿನ ಸಿವುಡಿನಿಂದ ಬಂಗಲೆಯ ಗೋಡೆ ಗುರುತು ಮಾಡಿ ಮೂರು ಸಲ ತಾಲೀಮು ನಡೆಸಿದೆವು. ಒಂದು ದೊಡ್ಡ ಕಲ್ಲೇ ನನ್ನ ಗಾಡಿ. ಅದರ ಬಳಿ ನಿಂತು ಹಾದಿ ನೋಡುವುದು ನನ್ನ ಕೆಲಸ. ಆದರೆ ನನ್ನ ಕಣ್ಣು ಹಾದಿಯ ಮೇಲೆ ನಿಲ್ಲುತ್ತಿರಲಿಲ್ಲ. ಮೂರನೆಯ ಸಲ ಅವರು ಜಮಾದಾರನಾಗಿ ಮಲಗಿದ್ದವನನ್ನು ಕಟ್ಟುವಾಗ ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಕಲ್ಲು ಬಿಟ್ಟು ಎದ್ದು ಹೋಗಿ, "ಹಂಗಲ್ಲೋ, ಮೊಣಕಾಲ ಹಿಂಗ ಹಾಕಬೇಕು," ಎಂದು ನಡುವೆ ಕೈ ಹಾಕಿದೆ. ಇಮಾಮ ನನ್ನನ್ನು ನೋಡಿದ, ಕಲ್ಲನ್ನು ನೋಡಿದ. ಅಂದಿನ ತಾಲೀಮು ಅಲ್ಲಿಗೇ ಮುಗಿಸಿದ. ನಾನೇ ಗೆದ್ದೆ ಎಂದುಕೊಂಡೆ.

ಸಂತೆಯ ದಿನ ಮುಂಜಾನೆ ಅಕ್ಕ ತಾನೇ ಗಾಡಿಯ ಅಚ್ಚಿಗೆ, ಕಡಾಣಿಗೆ ಔಡಲೆಣ್ಣೆ ಸವರಿದಳು. ಎರಡು ಬೆರಳಲ್ಲಿ ಕಿತ್ತು, ಮತ್ತೆ ಹಾಕಿ ತೋರಿಸಿ, "ಬೆಣ್ಯಾಗಿನ ಕೂದಲ ಎಳದಂಗ ಬರತೈತಿ ನೋಡು," ಎಂದಳು. ನಾನು ಗಾಡಿ ಹೊಡೆದುಕೊಂಡು ಹೋಗಿ ಏರಿಯ ನಡುವೆ ನಿಂತೆ. ಚಳಿಯ ಬಿಸಿಲು. ಕೆರೆಯ ತುಂಬ ನೀರು, ಅದರಾಚೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಸಾಲು ಬಣವೆಗಳು. ಸಂತೆಗೆ ಹೋಗುವವರು ಒಬ್ಬಿಬ್ಬರು ನನ್ನನ್ನು ದಾಟಿ ಹೋದರು. ದೂರದಲ್ಲಿ ಇಮಾಮ ಎಲೆಬುಟ್ಟಿ ಹೊತ್ತು ಬಂಗಲೆಯ ಬಾಗಿಲಿಗೆ ಹೋಗುವುದು ಕಂಡಿತು. ಹಿಂದೆ ನಿಂಗಪ್ಪ. ನನ್ನ ಜಾಗದಲ್ಲಿ ನಿಂಗಪ್ಪ!

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಇದು ಕೆಡಲಿ ಎಂದು ಬೇಡಿಕೊಂಡೆ. ಪೂರಾ ಕೆಡುವುದು ಬೇಡ, ಯಾರಿಗೂ ಪೆಟ್ಟಾಗುವುದು ಬೇಡ. ಇಮಾಮನ ಕೈಯಿಂದ ಆಗದಷ್ಟು ಕೆಟ್ಟು, ನಾನು ಹೋಗಿ ಸರಿಪಡಿಸುವಷ್ಟು ಕೆಡಲಿ. ಅಷ್ಟರಲ್ಲಿ ಬಂಗಲೆಯಿಂದ, "ಅಯ್ಯಯ್ಯೋ ಸತ್ನೆಪೋ!" ಎಂದು ಒಂದು ಕೂಗು ಕೇಳಿತು. ಎದೆ ಹಿಗ್ಗಿತು. ಹೆದರಿಕೆಯಾಗಬೇಕಾದ ಕಡೆ ನನಗೆ ಹಿಗ್ಗಾಯಿತು. ಗಾಡಿಯಿಂದ ಬಡಿಗೆ ಎಳೆದುಕೊಂಡು, ಎತ್ತನ್ನು ಅಲ್ಲೇ ಬಿಟ್ಟು, ಬಂಗಲೆಗೆ ಓಡಿದೆ.

ಒಳಗೆ ಎಲ್ಲ ಮುಗಿದಿತ್ತು. ಬಾಗಿಲಿನವನು ಅಂಗೈಯಲ್ಲಿ ಸುಣ್ಣ ಹಚ್ಚಿದ ಎಲೆಯಿದ್ದ ಹಾಗೇ ಕಟ್ಟಿಸಿಕೊಂಡು ಕೂತಿದ್ದ. ಜಮಾದಾರನ ಕಣ್ಣಲ್ಲಿ ಇನ್ನೂ ನಿದ್ದೆಯಿತ್ತು. ಕೆರೆಯಿಂದ ಬಂದ ಇಬ್ಬರು ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದರು. ಕೂಗಿದವನು ಅಡಿಗೆಯವನು, ಗಾಬರಿಯಲ್ಲಿ ತಾನೇ ಗಂಜಿಯ ಬೋಗುಣಿ ಕಾಲ ಮೇಲೆ ಕೆಡವಿಕೊಂಡಿದ್ದ. ನಮ್ಮವನೊಬ್ಬ ಆ ಕಾಲಿಗೆ ತಣ್ಣೀರು ಹೊಯ್ಯುತ್ತಿದ್ದ. ಯಾರ ಮೈಮೇಲೂ ಒಂದು ಗೀರು ಇಲ್ಲ. ಬಡಿಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತ ನಾನು ಮಾತ್ರ ಅಲ್ಲಿ ಬೇಡಾದವನು.

ಇಮಾಮ ಐದನೆಯ ಬಂದೂಕನ್ನು ನಿಂಗಪ್ಪನ ಕೈಗೆ ಕೊಡುತ್ತಿದ್ದವನು ನನ್ನನ್ನು ನೋಡಿದ.

"ಹಾದಿ ಯಾರ ಕಾಯಾಕತ್ತಾರ, ಪೈಲವಾನ?"

ಅಷ್ಟರಲ್ಲಿ ನೀರಿನಾಚೆಯಿಂದ ಲಾರಿಯ ಸಪ್ಪಳ ಬಂತು.

"ನೀವೆಲ್ಲಾ ಹೇಳಿದ ಹಾದೀಲೆ ನಡೀರಿ. ಓಡಬ್ಯಾಡ್ರಿ, ಗದ್ಯಾಗ ಬಿದ್ದೀರಿ," ಎಂದಷ್ಟೇ ಹೇಳಿ ಅವನು ಏರಿಯ ಕಡೆಗೆ ಓಡಿದ. ನಾನು ಹಿಂದೆ ಎರಡು ಹೆಜ್ಜೆ ಇಟ್ಟೆ. ತಿರುಗಿ, "ಮಂದೀನ ಕರಕೊಂಡ ಹೋಗು!" ಎಂದು ಚೀರಿದ. ಹೋದೆ. ಬಾಳೆಯ ಸಾಲು ದಾಟುವಾಗ ಒಮ್ಮೆ ಹೊರಳಿ ನೋಡಿದೆ. ಲಾರಿ ಏರಿಯ ಆಚೆ ತುದಿ ಹತ್ತುತ್ತಿತ್ತು. ಇಮಾಮ ಗಾಡಿಯ ಬಳಿ ಬಾಗಿದ, ಎದ್ದ, ಎತ್ತಿನ ಮೇಲೆ ಕೈ ಬೀಸಿದ. ಹುಲ್ಲಿನ ಗಾಡಿ ಓರೆಯಾಗಿ ಹಾದಿಗೆ ಅಡ್ಡ ಕುಸಿಯಿತು. ನಾವು ಬಂದೂಕು ಹೊತ್ತು ಗದ್ದೆಗಿಳಿದೆವು. ಕೊಯ್ದ ಬತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಆಗ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಚಂದ. ನನಗೆ ಅನಿಸಿದ್ದು ಬೇರೆ: ಇನ್ನು ಮೇಲೆ ಊರೆಲ್ಲ ಇವನ ಹೆಸರನ್ನೇ ಹೇಳುತ್ತದೆ. ಸಿಕ್ಕಿಬೀಳುವುದರಲ್ಲಿಯೂ ಅವನು ನನಗಿಂತ ಮುಂದೆ ಹೋದ ಎಂದು ಹೊಟ್ಟೆ ಉರಿಯಿತು.

ತೋಪಿನಲ್ಲಿ ಮಾಸ್ತರರಿದ್ದರು. ಅಕ್ಕ ರೊಟ್ಟಿಯ ಗಂಟು ತಂದಿದ್ದಳು. ಕೆಲಸವಾದ ಮೇಲೆ ಒಬ್ಬೊಬ್ಬರೂ ತಾವು ಮಾಡಿದ್ದನ್ನು, ಕಂಡದ್ದನ್ನು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಬೇಕೆಂದು ಇಮಾಮ ಮೊದಲೇ ಹೇಳಿಟ್ಟಿದ್ದ. ಮಾಸ್ತರರು ಉಬ್ಬಸದಲ್ಲಿಯೇ ಎಲ್ಲರನ್ನೂ ಕೇಳಿದರು. ನನ್ನ ಸರದಿ ಬಂತು.

"ಕಡಾಣಿ ಬಿಗದಿತ್ತು," ಎಂದೆ. "ಎಷ್ಟ ಜಗ್ಗಿದ್ರೂ ಬರಲಿಲ್ಲ. ಕಲ್ಲ ಸಿಗತೈತೇನು ಅಂತ ಬಂಗಲೆ ಕಡೆ ಓಡಿದೆ."

ಗರಡಿಯವರು ನಂಬಿದರು. ಪೈಲವಾನನ ಕೈಗೆ ಬಾರದ ಕಡಾಣಿ ಎಷ್ಟು ಬಿಗಿದಿರಬೇಡ ಎಂದು ಒಬ್ಬ ಲೊಚಗುಟ್ಟಿದ. ಅಕ್ಕ ರೊಟ್ಟಿ ಹಂಚುತ್ತಿದ್ದಳು. "ಬಿಗದಿತ್ತೇನು?" ಎಂದು ಕೇಳಿದಳು. "ಹೂಂ," ಎಂದೆ. ನನ್ನ ಪಾಲಿನ ರೊಟ್ಟಿಯನ್ನು ಕೈಗೆ ಕೊಡದೆ ಎಲೆಯ ಮೇಲೆ ಇಟ್ಟು ಹೋದಳು. ಯುಗಾದಿಯವರೆಗೆ ನನ್ನೊಡನೆ ಮಾತಾಡಲಿಲ್ಲ.

ಇಮಾಮ ಗಾಡಿ ಬೀಳಿಸಿ, ಒಕ್ಕಲಿಗನ ಹಾಗೆ ಬಾಯಿ ಬಡಿದುಕೊಂಡು, ಲಾರಿಯ ಪೊಲೀಸರಿಂದಲೇ ಗಾಲಿ ಎತ್ತಿಸಿದನಂತೆ. ಅರ್ಧ ತಾಸು ಅವರು ಅಲ್ಲೇ ಸಿಕ್ಕಿಕೊಂಡರು. ಆದರೆ ಅವನ ಮುಖ ಬಂಗಲೆಯವರು ಕಂಡದ್ದು. ಕಟ್ಟು ಬಿಡಿಸಿಕೊಂಡು ಬಂದ ಜಮಾದಾರ ನೋಡಿದೊಡನೆ ಗುರುತು ಹಿಡಿದ. ಮೈ ಹಣ್ಣಾಗುವಂತೆ ಹೊಡೆದರು. ಅವನು ಗಾಡಿ ಕದ್ದು ತಂದದ್ದೆಂದ, ನಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಐದು ವರ್ಷ ಸಜೆಯಾಯಿತು. ಹದಿನೈದು ದಿನಗಳಲ್ಲಿ ಪೊಲೀಸರು ಬಂಗಲೆ ಬಿಟ್ಟು ಹೋದರು. ಬಂದೂಕುಗಳನ್ನು ನಾವು ಹಿರೇಕೆರೂರಿನ ಕಡೆಗೆ ಸಾಗಿಸಿ, ಚಿಕ್ಕೇರೂರಿನ ಹೊಲವೊಂದರ ಹಾಳುಬಾವಿಯಲ್ಲಿ ಮುಳುಗಿಸಿದೆವು. ಮುಂದಿನ ಮಳೆಗಾಲದಲ್ಲಿ ಮಾಸ್ತರರೂ ಸಿಕ್ಕಿಬಿದ್ದರು. ನಾನು ಸಿಗಲಿಲ್ಲ. ಸಿಗದೆ ಉಳಿದವನ ಹೆಸರೇ ಜನರ ಬಾಯಲ್ಲಿ ಬೆಳೆಯಿತು. ಐದು ಬಂದೂಕು ಕಸಿದವನು ಹತ್ತಿಮತ್ತೂರಿನ ಪೈಲವಾನ ಎಂದು ಸಂತೆಗಳಲ್ಲಿ ಹೇಳುತ್ತಿದ್ದರು. ನಾನು ಬೇಡ ಅನ್ನಲಿಲ್ಲ.

ನಲವತ್ತಾರರಲ್ಲಿ, ಸಜೆ ಮುಗಿಯುವ ಮೊದಲೇ, ಮಾಸ್ತರರೂ ಇಮಾಮನೂ ಬಿಡುಗಡೆಯಾದರು. ಮಾಸ್ತರರನ್ನು ನೋಡಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡು, "ಜೈಲಿನ್ಯಾಗ ಇಮಾಮನ್ನ ಕೇಳಿದ್ನೆಪಾ. ಕಡಾಣಿ ಬಾಳ ಬಿಗದಿತ್ತು, ಕಲ್ಲಿಲೆ ಬಡದು ತಗದೆ ಅಂತ ಅಂವನೂ ಅಂದ," ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮರುದಿನ ಸವಣೂರಿಗೆ ಹೋದೆ.

ಇಮಾಮ ತೋಟದಲ್ಲಿ ಏಣಿ ಹಾಕಿಕೊಂಡು ಎಲೆ ಕೊಯ್ಯುತ್ತಿದ್ದ. ಚೊಗಚೆಯ ಗಿಡಗಳಿಗೆ ಹಬ್ಬಿದ ಬಳ್ಳಿಯ ನಡುವೆ ಮಧ್ಯಾಹ್ನದಲ್ಲೂ ತಂಪಿತ್ತು. ನನ್ನನ್ನು ಕಂಡು ಇಳಿದು ಬಂದ. ತಲೆಯಲ್ಲಿ ಅರ್ಧ ನರೆ. ನಾನು ಕುಶಲ ಕೇಳಲಿಲ್ಲ.

"ಕಡಾಣಿ ಬಿಗದಿರಲಿಲ್ಲ," ಎಂದೆ.

"ಗೊತ್ತೈತಲ್ಲ. ಕಿತ್ತಾಂವ ನಾನ. ಈ ಮೂರ ಬೆರಳಿಗೆ ಬಂತು."

"ಮತ್ತ ಮಾಸ್ತರ್ರ ಮುಂದ ಯಾಕ ಹಂಗ ಹೇಳಿದಿ?"

"ಆವಾಗ ನೀವೆಲ್ಲಾ ಹೊರಗ ಇದ್ರಿ. ಜೈಲಿನ ಮಾತ ಹೊರಗ ಬರಾಕ ಎಷ್ಟೊತ್ತು? ನಿಂದು ಸುಳ್ಳು ಅಂದ್ರ ಮರುದಿನ ನಿನ್ನ ಜೋಡಿ ಯಾರ ನಡೀತಿದ್ರು?"

"ನನ್ನ ಮ್ಯಾಲ ಸಿಟ್ಟ ಬರಲಿಲ್ಲೇನು?"

"ಬಂದಿತ್ತು. ಮೊದಲನೇ ಚಳಿಗಾಲ ಪೂರಾ ಇತ್ತು. ಅಲ್ಲಿ ಕೊಟ್ಟ ಕಂಬಳಿ ಸಣ್ಣದು ನೋಡು."

ಅವನು ನಗುತ್ತಿದ್ದ. ನಾನು ನಗಲಿಲ್ಲ. "ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಗಾಡಿ ಬಿಟ್ಟ ಬಂದೆ, ಇಮಾಮ," ಎಂದೆ. ಅದನ್ನು ಹೇಳಲು ನಾನು ಸವಣೂರಿನವರೆಗೆ ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

"ಅದೂ ಗೊತ್ತಿತ್ತು," ಎಂದ. "ತಾಲೀಮದಾಗ ಕಲ್ಲ ಬಿಟ್ಟ ಎದ್ದ ಬಂದೆಲ್ಲ, ಆವಾಗ ಗೊತ್ತಾತು, ಆ ದಿನಾನೂ ನೀ ನಿಲ್ಲೂದಿಲ್ಲಂತ. ಮರುದಿನ ಬುಟ್ಟಿ ಹೊತ್ಕೊಂಡು ಬಂಗಲೆ ಬಾಗಲದಿಂದ ಗಾಡಿ ನಿಲ್ಲೂ ಜಾಗಾದ ತನಕ ನಡದ ನೋಡಿದೆ. ನೂರಾ ಎಂಬತ್ತ ಹೆಜ್ಜಿ. ಲಾರಿ ಸಪ್ಪಳ ಕೇಳಿದ ಮ್ಯಾಲೂ ಓಡಿ ಮುಟ್ಟಬಹುದು ಅನಸ್ತು."

"ಗೊತ್ತಿದ್ದೂ ನನ್ನ ಅಲ್ಲೇ ಯಾಕ ನಿಲ್ಲಿಸಿದಿ?"

ಅವನು ಕೆಳಗೆ ಕೂತು ಕೊಯ್ದ ಎಲೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. "ನಿನ್ನ ಬಿಟ್ಟ ಹೋದ್ರ ಗರಡಿ ಮಂದಿ ಬರ್ತಿದ್ದಿಲ್ಲ. ಮುಂದ ಕರಕೊಂಡ ಹೋಗಿದ್ರ ಯಾವನರ ತಲಿ ಒಡೀತಿದ್ದಿ. ಒಬ್ಬ ಪೊಲೀಸ ಸತ್ತಿದ್ರ ಎಂಟೂ ಮಂದಿಗೆ ಗಲ್ಲು. ಗಾಡಿ ಹತ್ರ ತಪ್ಪಾದ್ರ ಒಬ್ಬನ ಹೋಗ್ತಾನ. ಎಂಟಕ್ಕಿಂತ ಒಬ್ಬ ಹೋಗೂದ ಛಲೋ ಅಲ್ಲೇನು?"

ಆ ಒಬ್ಬ ಯಾರು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಕಪಾಳಕ್ಕೆ ಹೊಡೆದಿದ್ದರೆ ಇನ್ನೊಂದು ಕಪಾಳ ಒಡ್ಡುತ್ತಿದ್ದೆ. ಹಾಯುವ ಎತ್ತನ್ನು ಎಲ್ಲಿ ಕಟ್ಟಿದರೆ ಕಡಿಮೆ ಹಾನಿ ಎಂದು ನೋಡಿ ಕಟ್ಟಿದ ಹಾಗೆ ಅವನು ನನ್ನನ್ನು ಕಟ್ಟಿದ್ದ. ಹೊರಟು ನಿಂತಾಗ ನನ್ನ ಕೈಗೆ ಒಂದು ಕಟ್ಟು ಎಳೆ ಎಲೆ ಕೊಟ್ಟು, "ಅಕ್ಕಗ ಕೊಡು," ಎಂದ.

ಎಲೆ ಕೊಡಲು ಅಕ್ಕನ ಊರಿಗೆ ಹೋದವನು ಮೊದಲು ಕೆರೆಯ ಏರಿಗೆ ಹೋದೆ. ಬಂಗಲೆಗೆ ಬೀಗ ಬಿದ್ದಿತ್ತು. ಅದರ ಬಾಗಿಲಿಗೆ ಬೆನ್ನು ಹಚ್ಚಿ ನಿಂತು, ಗಾಡಿ ನಿಲ್ಲಿಸಿದ್ದ ಜಾಗದವರೆಗೆ ಒಂದೊಂದೇ ಹೆಜ್ಜೆ ಎಣಿಸುತ್ತ ನಡೆದೆ. ಎಣಿಕೆ ತಪ್ಪಿರಲಿ, ದೇವರೇ, ಇದೊಂದಾದರೂ ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ನಡೆದೆ. ನೂರಾ ಅರವತ್ತಕ್ಕೆ ಜಾಗ ಬಂತು. ಮತ್ತೆ ಹೊರಳಿ ಹೋಗಿ ಎಣಿಸಿದೆ. ನೂರಾ ಅರವತ್ತೇ. ಇಮಾಮ ಇಪ್ಪತ್ತು ಹೆಜ್ಜೆ ತಪ್ಪಿದ್ದ! ಎಷ್ಟು ಹಿಗ್ಗಾಯಿತೆಂದರೆ ಏರಿಯ ಮೇಲೆ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಅದೇ ಖುಷಿಯಲ್ಲಿ ಅರ್ಧ ದಾರಿ ನಡೆದಿದ್ದೆ. ಆಗ ಹೊಳೆಯಿತು, ಅವನು ನನಗಿಂತ ಒಂದು ಗೇಣು ಗಿಡ್ಡ, ಅವನ ಹೆಜ್ಜೆಯೂ ಗಿಡ್ಡ.